ಗಂಗಯ್ಯನ ಡಬಲ್ಲು

ಒಂದಕ್ಷರ ಇಂಗ್ಲಿಷು ಬಾರದವರೂ ನಮ್ಮ ಕನಕಪುರದ ಕಡೆ ಹೊತ್ತು ಮುಳುಗುವುದರೊಳಗೆ ಎಷ್ಟೋ ಸಲ ಡಬಲ್ ಎನ್ನುತ್ತಾರೆ. ಆ ಮಾತು ಇಲ್ಲಿಗೆ ಬರುವಾಗ ಯಾವ ಅರ್ಥ ಇಟ್ಟುಕೊಂಡು ಬಂತೋ, ಬಂದ ಮೇಲೆ ಮಾತ್ರ ಕಂಡಕಂಡವರ ಮನೆಯಲ್ಲಿ ಉಂಡು ಮೈ ಬೆಳೆಸಿಕೊಂಡಿತು. ಸೈಕಲ್ಲಿನ ಕ್ಯಾರಿಯರ್ ಮೇಲೆ ಇನ್ನೊಬ್ಬನನ್ನು ಕೂರಿಸಿಕೊಂಡರೆ ಅದು ಡಬಲ್. ಜ್ವರದ ಮಗುವಿಗೆ ಪೇಟೆಯಿಂದ ತರುವ ಬ್ರೆಡ್ಡು ಡಬಲ್ ರೊಟ್ಟಿ. ಅದು ಯಾಕೆ ಡಬಲ್ಲು ಎಂದು ಯಾವ ಮಗುವೂ ಕೇಳಿಲ್ಲ, ಹಾಲಿನಲ್ಲಿ ಅದ್ದಿ ತಿಂದಿದೆ. ಟೆಂಟಿನ ಸಿನಿಮಾದಲ್ಲಿ ಒಬ್ಬನೇ ನಾಯಕ ಇಬ್ಬರಾಗಿ ಬಂದರೆ ಡಬಲ್ ಆಕ್ಟಿಂಗು. ಇಷ್ಟೊಂದು ಅರ್ಥ ಇಟ್ಟುಕೊಂಡಿರುವ ಮಾತನ್ನು ಗೋಡೆಯ ಹಿಂದೆ ನಿಂತು ಅರ್ಧ ಕೇಳಿಸಿಕೊಳ್ಳಬಾರದು. ಸರಸಮ್ಮ ಕೇಳಿಸಿಕೊಂಡಳು, ಅದೇ ಅವಳ ಜೀವನದ ಕತೆಯಾಯಿತು.

ಸರಸಮ್ಮ ಮತ್ತು ಕೃಷ್ಣಮ್ಮ ಅವಳಿಜವಳಿ. ಉಯ್ಯಂಬಳ್ಳಿ ಹೋಬಳಿಯ, ನಾಲ್ಕಾರು ಮನೆಗಳ ಒಂದು ದೊಡ್ಡಿಯಲ್ಲಿ ಕುರಿ ಸಾಕಿಕೊಂಡಿದ್ದ ಗಂಗಯ್ಯ, ಭದ್ರಮ್ಮನವರ ಮಕ್ಕಳು. ಮೊದಲು ಹುಟ್ಟಿದವಳು ಕೃಷ್ಣಮ್ಮ, ಅವಳ ಬೆನ್ನಿಗೇ ಸರಸಮ್ಮ. ಯಾವಳು ಯಾರೆಂದು ಹೆತ್ತ ತಾಯಿಯೇ ಎಷ್ಟೋ ಸಲ ತಪ್ಪಿ, ಒಬ್ಬಳು ಮಾಡಿದ್ದಕ್ಕೆ ಇನ್ನೊಬ್ಬಳ ಬೆನ್ನಿಗೆ ಗುದ್ದು ಕೊಟ್ಟದ್ದುಂಟು. ಶಾಲೆಯಲ್ಲಿ ಮೇಷ್ಟ್ರು ಬುಕ್ಕು ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿಸುತ್ತಾ ‘ಬಿ, ಡಬಲ್ ಓ, ಕೆ’ ಎಂದರು. ಒಂದೇ ಹಲಗೆಯ ಮೇಲೆ, ಒಂದೇ ಥರದ ಜಡೆ ಹಾಕಿಕೊಂಡು ಅಂಟಿಕೊಂಡು ಕೂತಿದ್ದ ಇಬ್ಬರು ಅವರ ಕಣ್ಣಿಗೆ ಬಿದ್ದರು. ಅಂದಿನಿಂದ ಅವರು ಶಾಲೆಗೆ ಡಬಲ್ ಓ.

ಅವರಿಬ್ಬರಿಗೂ ಆಗ ಆ ಮಾತೆಂದರೆ ಹಿಗ್ಗು. ವರ್ಷಕ್ಕೊಮ್ಮೆ ಗಂಗಯ್ಯ ಕಬ್ಬಾಳಮ್ಮನಿಗೆ ಹರಕೆ ಒಪ್ಪಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋಗುವಾಗ ಗುರುತಿನ ಕಂಡಕ್ಟರು ಇಬ್ಬರನ್ನೂ ಸೀಟಿನ ಮೇಲೆ ನಿಲ್ಲಿಸಿ ಬೆಲ್ಲಿನ ಹಗ್ಗ ಹಿಡಿಸುತ್ತಿದ್ದ. ಕೃಷ್ಣಿ ಒಂದು ಸಲ ಎಳೆಯಬೇಕು, ಸರಸಿ ಒಂದು ಸಲ. ಒಬ್ಬಳೇ ಎಳೆದರೆ ಬಸ್ಸು ನಿಂತುಬಿಡುತ್ತದೆ. ಇಬ್ಬರೂ ಎಳೆದರೆ ಡಬಲ್ ಬೆಲ್ಲು, ಆಗಷ್ಟೇ ಡ್ರೈವರು ಗೇರು ಹಾಕುತ್ತಾನೆ. ಅಷ್ಟು ದೊಡ್ಡ ಬಸ್ಸು ತಾವಿಬ್ಬರೂ ಸೇರದೆ ಹೊರಡುವುದಿಲ್ಲ ಎಂದು ಬಹಳ ಕಾಲ ಆ ಮಕ್ಕಳು ನಂಬಿಕೊಂಡಿದ್ದವು.

ಆಮೇಲೆ ರೇಷ್ಮೆ ಬಂತು. ಮೊದಲೂ ಅಲ್ಲೊಬ್ಬರು ಇಲ್ಲೊಬ್ಬರು ಹುಳು ಸಾಕುತ್ತಿದ್ದರು, ಆದರೆ ಈಗ ಬಂದದ್ದು ಭರಾಟೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ ಬಂದವರೆಲ್ಲ ಕೈಗೆ ವಾಚು ಕಟ್ಟಿಕೊಂಡು ಬರತೊಡಗಿದರು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾದವು. ಗಂಗಯ್ಯನೂ ಮಂದೆಯಲ್ಲಿ ಅರ್ಧ ಕುರಿ ಮಾರಿ, ಮನೆಯ ನಡುವಿನ ಅಂಕಣವನ್ನೇ ಹುಳುವಿಗೆ ಬಿಟ್ಟುಕೊಟ್ಟ. ಮನೆಯವರು ಜಗಲಿಗೆ ಬಂದರು, ಹುಳು ಒಳಗೆ ಮಲಗಿತು. ಅದಕ್ಕೆ ಜ್ವರ ಬಂತೆಂದರೆ, ಅಂದರೆ ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಕೂತಿತೆಂದರೆ, ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವಂತಿರಲಿಲ್ಲ.

ಮೇದು ಬಲಿತು ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟಿಗೆ, ಬಿಟ್ಟರೆ ಒಂದೊಂದು ಹುಳುವೂ ತನ್ನ ಸುತ್ತ ಒಂದೊಂದು ಗೂಡು ಕಟ್ಟಬೇಕು. ಜಾಗ ಸಾಲದೆ ಒತ್ತಾಗಿ ಬಿಟ್ಟಾಗ ಅಲ್ಲಲ್ಲಿ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಎರಡರ ನೂಲೂ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಬಿಸಿನೀರಿಗೆ ಹಾಕಿ ಎಳೆ ತೆಗೆಯಲು ಹೋದರೆ ಇದರದು ಅದಕ್ಕೆ ಸಿಕ್ಕಿ ಹರಿಯುತ್ತದೆ. ಅದೇ ಡಬಲ್ ಗೂಡು. ನೋಡಲು ದಪ್ಪ, ಕೈಗೆ ತೂಕ, ಬೆಲೆ ಮಾತ್ರ ಇಲ್ಲ. ಮಾರುಕಟ್ಟೆಗೆ ಹೋಗುವ ಮುಂಚೆ ಅದನ್ನು ಆರಿಸಿ ಪಕ್ಕಕ್ಕೆ ಹಾಕದಿದ್ದರೆ ಇಡೀ ಮಾಲಿನ ಮಾನ ಹೋಗುತ್ತದೆ.

ಒಂದು ದಿನ ಗೂಡು ಆರಿಸಲು ಕೂಲಿಗೆ ಬಂದಿದ್ದ ಹೆಂಗಸೊಬ್ಬಳು ಎದುರಿಗೆ ಕೂತಿದ್ದ ಅವಳಿಗಳನ್ನು ನೋಡಿ, “ಡಬಲ್ ಆರ್ಸಾಕೆ ಡಬಲ್ನೇ ಕೂರ್ಸವ್ನಲ್ಲ ಗಂಗಣ್ಣ,” ಅಂದಳು. ಎಲ್ಲರೂ ನಕ್ಕರು. ಕೃಷ್ಣಮ್ಮ ಎಲ್ಲರಿಗಿಂತ ಹೆಚ್ಚು ನಕ್ಕಳು. ಸರಸಮ್ಮನಿಗೆ ನಗು ಬರಲಿಲ್ಲ. ಅವಳು ತನ್ನ ಕೈಯಲ್ಲಿದ್ದ ಗೂಡನ್ನೂ ಅದನ್ನು ಎಸೆಯಬೇಕಾದ ಮಂಕರಿಯನ್ನೂ ನೋಡಿದಳು. ಅವಳದು ಮೊದಲಿನಿಂದಲೂ ಹಾಗೆ. ಮಾತು ಒಳಗೆ ಹೋದರೆ ಅಲ್ಲೇ ಉಳಿಯುತ್ತಿತ್ತು. ಕೃಷ್ಣಮ್ಮನದು ಬಾಯಿಗೆ ಬಂದದ್ದು ಬಂದಹಾಗೆ ಹೊರಗೆ.

ಅವರು ಮದುವೆಗೆ ಬಂದ ವರ್ಷ ಕಬ್ಬಾಳಿನ ಮಂಚಯ್ಯ ಸಂಬಂಧ ಕೇಳಿಕೊಂಡು ಬಂದ. ಅವನಿಗೆ ಇಬ್ಬರು ಗಂಡುಮಕ್ಕಳು, ಒಬ್ಬರನ್ನೊಬ್ಬರು ಬಿಟ್ಟಿರದವರು. ಬೇರೆ ಬೇರೆ ಮನೆಯ ಹೆಣ್ಣು ತಂದರೆ ನಾಳೆ ಒಲೆ ಎರಡಾಗುತ್ತದೆ, ಅಕ್ಕತಂಗಿಯರಾದರೆ ಮನೆ ಒಡೆಯುವುದಿಲ್ಲ ಎಂಬುದು ಅವನ ಲೆಕ್ಕ. ಇಬ್ಬರನ್ನೂ ಕೊಡಿ, ಒಂದೇ ಚಪ್ಪರದಲ್ಲಿ ಮುಗಿಸೋಣ ಎಂದ. ಕೃಷ್ಣಮ್ಮ ಒಳಗೆ ಬಂದು ಸರಸಮ್ಮನ ಕೈ ಹಿಡಿದು, “ಒಂದೇ ಮನೆ ಕಣೇ ಸರಸಿ, ಒಂದೇ ಅಡಿಗೆಮನೆ,” ಎಂದು ಕುಣಿದಾಡಿದಳು. ಸರಸಮ್ಮನಿಗೂ ಬೇಡವೆನಿಸಿರಲಿಲ್ಲ. ಹುಡುಗರು ಹೇಗಿದ್ದಾರೋ ಏನೋ ಎಂದಷ್ಟೇ ಅಂದಳು.

ಮಂಚಯ್ಯ ಬೆಳಗಿನ ಊಟ ಮಾಡಿ ಹೋದ. ಸರಸಮ್ಮ ಹುಳುಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಗೋಡೆಯಾಚೆ ಜಗಲಿಯಿಂದ ಅಪ್ಪನ ಮಾತು ಕೇಳಿಸಿತು. ಅವನು ಯಾರಿಗೋ ಹೇಳುತ್ತಿದ್ದ. ಎದುರಿನವರ ದನಿ ಕೇಳಿಸಲಿಲ್ಲ.

“ಡಬಲ್ ಮಡೀಕಂಡು ನಾನೇನ್ ಮಾಡ್ಲಿ ಯೋಳು. ಒಂದೊಂದಾಗಿದ್ರೆ ಬೆಲೆ ಇರದು. ಜೊತೇಲಿ ಸೇರ್ಕಂಡು ಎಲ್ಡೂ ಕೆಟ್ಟೊ. ಮನೇಲಿದ್ದಷ್ಟೂ ಜಾಗಕ್ಕೆ ದಂಡ. ಕೇಳೋರು ಬಂದವ್ರಲ್ಲ, ಎಲ್ಡುನೂವೆ ಒಂದೇ ಕಡೀಕೆ ಸಾಗಾಕ್ಬುಡ್ತೀನಿ. ನಂಗೂ ಬಾರ ಇಳೀತದೆ.”

ಸರಸಮ್ಮನ ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು. ಜಗಲಿಗೆ ಹೋಗಿ ನೋಡಲು ನಾಲ್ಕು ಹೆಜ್ಜೆಯೂ ಬೇಕಿರಲಿಲ್ಲ. ಅವಳು ಅತ್ತ ಹೋಗಲಿಲ್ಲ, ಹಿತ್ತಲ ಬಾಗಿಲಿಗೆ ನಡೆದಳು. ಅಪ್ಪನ ಮನಸ್ಸಿನಲ್ಲಿ ತಾವೂ ಪಕ್ಕಕ್ಕೆಸೆಯುವ ಮಂಕರಿಯಲ್ಲಿರುವ ಗೂಡುಗಳೇ ಎಂದು ಅವಳಿಗೆ ಆ ಕ್ಷಣಕ್ಕೆ ಖಚಿತವಾಗಿಹೋಯಿತು. ಹೆಗಲ ಮೇಲೆ ಒಬ್ಬಳನ್ನು, ಕಂಕುಳಲ್ಲಿ ಒಬ್ಬಳನ್ನು ಎತ್ತಿಕೊಂಡು ಕಬ್ಬಾಳಮ್ಮನ ಗುಡಿಗೆ ನಡೆಯುತ್ತಿದ್ದ ಅಪ್ಪ ಇವನೇನಾ ಎಂದುಕೊಂಡಳು. ಅಳು ಬರಲಿಲ್ಲ, ಹಟ ಬಂತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಅವಳು ಹೇಳಿಬಿಟ್ಟಳು.

“ಆ ಮನೆಗೆ ನಾನು ಹೋಗಾಕಿಲ್ಲ. ಕೃಷ್ಣಿ ಬೇಕಾರೆ ಹೋಗ್ಲಿ. ನಮ್ಮಿಬ್ರುನ್ನೂ ಒಂದೇ ಮನೆಗೆ ಮಾತ್ರ ಕೊಡಬ್ಯಾಡಿ.”

“ಯಾಕವ್ವಾ?” ಎಂದ ಗಂಗಯ್ಯ. ಅವನ ತುತ್ತು ತಟ್ಟೆಯಲ್ಲೇ ನಿಂತಿತು.

“ಯಾಕೂ ಇಲ್ಲ. ಬ್ಯಾಡ ಅಂದ್ರೆ ಬ್ಯಾಡ.”

ಭದ್ರಮ್ಮ ಬೈದಳು, ಗದರಿಸಿದಳು, ಕೊನೆಗೆ ಕಾಲು ಹಿಡಿಯುವಷ್ಟಕ್ಕೆ ಬಂದಳು. ಸರಸಮ್ಮ ಬಾಯಿ ಬಿಡಲಿಲ್ಲ. ಕಾರಣ ಹೇಳಿದರೆ ಅಪ್ಪ ಆಡಿದ ಮಾತು ಕೃಷ್ಣಿಯ ಕಿವಿಗೂ ಬೀಳುತ್ತದೆ; ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗುವ ಹುಡುಗಿ ಅದನ್ನು ತಾಳಲಾರಳು ಎಂಬುದು ಅವಳ ಯೋಚನೆ. ತಾನೊಬ್ಬಳೇ ನುಂಗಿಕೊಂಡರೆ ಸಾಕು ಎಂದುಕೊಂಡಳು. ಬಾಯಿಗೆ ಬಂದದ್ದನ್ನು ಹೊರಗೆ ಹಾಕುವ ಕೃಷ್ಣಮ್ಮ ಅಂದು ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದುಕೊಂಡು ಹಿತ್ತಲಿಗೆ ಹೋದಳು. ಸರಸಮ್ಮ ಅದನ್ನು ಗಮನಿಸಬೇಕಿತ್ತು. ತನ್ನ ತ್ಯಾಗದಲ್ಲೇ ಮುಳುಗಿದ್ದವಳಿಗೆ ಕಾಣಲಿಲ್ಲ.

ಒಬ್ಬಳನ್ನು ಮಾತ್ರ ತರುವುದಕ್ಕೆ ಮಂಚಯ್ಯ ಒಪ್ಪಲಿಲ್ಲ. ಆ ಸಂಬಂಧ ಮುರಿಯಿತು. ಮುಂದಿನ ಬೇಸಿಗೆಯಲ್ಲಿ ಕೃಷ್ಣಮ್ಮನನ್ನು ಮಾಗಡಿ ಕಡೆಯ, ಕುರಿ ಸಾಕುವ ಚಲುವಯ್ಯನಿಗೆ ಕೊಟ್ಟರು. ಅಷ್ಟು ದೂರ ಯಾಕೆ ಎಂದು ಭದ್ರಮ್ಮ ಅತ್ತರೆ, “ದೂರಾನೇ ಇರ್ಲಿ ಬುಡವ್ವ,” ಎಂದವಳು ಕೃಷ್ಣಮ್ಮನೇ. ಹೊರಟ ದಿನ ಅವಳು ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ಕೆಳಗೆ ನಿಂತ ಸರಸಮ್ಮ ಅಳು ತಡೆಯಲು ನೆಲ ನೋಡುತ್ತಿದ್ದಳು. ಮೇಲೆ ನೋಡಿದರೆ ಎಲ್ಲ ಬಾಯಿಬಿಟ್ಟುಬಿಡುತ್ತೇನೆ ಎಂಬ ಭಯ. ಕಂಡಕ್ಟರು ಡಬಲ್ ಬೆಲ್ಲು ಕೊಟ್ಟ. ಬಸ್ಸು ಹೋದ ಮೇಲೆ ತಲೆ ಎತ್ತಿದಳು.

ಆಮೇಲೆ ಸರಸಮ್ಮನನ್ನು ಚನ್ನಪಟ್ಟಣದ ಹತ್ತಿರದ ಹಳ್ಳಿಯ ಕೆಂಚಯ್ಯನಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಹುಳು ಸಾಕುವುದರಲ್ಲಿ ಕೈಗುಣ ಇದ್ದವನು. ಮಕ್ಕಳಾದವು, ಹೆಂಚಿನ ಮನೆ ಆಯಿತು, ಹುಳುವಿಗೇ ಬೇರೆ ಮನೆ ಕಟ್ಟಿಸಿದರು. ಊರು ಅವಳ ಸಂಸಾರ ನೋಡಿ ತಲೆದೂಗುತ್ತಿತ್ತು. ಅಪ್ಪನ ಮೇಲಿನ ಮುನಿಸು ಮಾತ್ರ ಅವಳ ಹೊಟ್ಟೆಯಿಂದ ಇಳಿಯಲಿಲ್ಲ. ಗಂಗಯ್ಯ ಟವೆಲ್ಲಿನಲ್ಲಿ ಸೀಬೆಹಣ್ಣು ಗಂಟು ಕಟ್ಟಿಕೊಂಡು ಮೂರು ಬಸ್ಸು ಬದಲಾಯಿಸಿ ನೋಡಲು ಬರುತ್ತಿದ್ದ. ಅವಳು ನೀರು ಕೊಡುತ್ತಿದ್ದಳು, ಎಲೆ ಹಾಕುತ್ತಿದ್ದಳು, ಎದುರಿಗೆ ಕೂರುತ್ತಿರಲಿಲ್ಲ. ಅವನು ಜಗಲಿಯಲ್ಲಿ ಮೊಮ್ಮಕ್ಕಳ ಜೊತೆ ಸ್ವಲ್ಪ ಹೊತ್ತು ಆಡಿ, “ಬತ್ತೀನವ್ವಾ,” ಎಂದು ಬಾಗಿಲ ಕಡೆ ಹೇಳಿ ಹೋಗುತ್ತಿದ್ದ.

ಹಬ್ಬಕ್ಕೆ ತವರಿಗೆ ಹೋದರೆ ಕೃಷ್ಣಮ್ಮ ಅಂದು ಬೆಳಿಗ್ಗೆಯೇ ಹೊರಟು ಹೋಗಿರುತ್ತಿದ್ದಳು, ಇಲ್ಲವೇ ನಾಳೆ ಬರುವವಳಿರುತ್ತಿದ್ದಳು. ಕುರಿ ಬಿಟ್ಟು ಬರಲಾಗಲಿಲ್ಲವಂತೆ, ಮಗುವಿಗೆ ಮೈ ಬೆಚ್ಚಗಿತ್ತಂತೆ, ಏನಾದರೊಂದು. ಗಂಗಯ್ಯ ತೀರಿಕೊಂಡಾಗ ಇಬ್ಬರೂ ಹೆಣದ ಆಚೆ ಈಚೆ ಕೂತು ಅತ್ತರು. ಮಾಗಡಿಯಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು, “ಇವಳು ಕೃಷ್ಣಮ್ಮಂಗೆ ಏನಾಗ್ಬೇಕು?” ಎಂದು ಕೇಳಿದ್ದು ಸರಸಮ್ಮನ ಕಿವಿಗೆ ಬಿತ್ತು. ಬಿಸಿಲಿನಲ್ಲಿ ಕುರಿ ಹಿಂದೆ ತಿರುಗಿ ಕೃಷ್ಣಮ್ಮ ಬತ್ತಿಹೋಗಿದ್ದಳು, ಹುಳುಮನೆಯ ನೆರಳಿನಲ್ಲಿ ಸರಸಮ್ಮ ದಪ್ಪಗಾಗಿದ್ದಳು. ಇಬ್ಬರದೂ ಒಂದೇ ಮುಖ ಎಂದು ಈಗ ಯಾರೂ ಹೇಳುವಂತಿರಲಿಲ್ಲ. ಆ ದಿನ ಅವಳಿಗೆ ಅಪ್ಪನ ಸಾವಿಗಿಂತ ಅದೇ ಹೆಚ್ಚು ಸುಟ್ಟಿತು.

ಅದಾದ ಮರುವರ್ಷ ಒಂದು ಬೆಳಿಗ್ಗೆ ಸರಸಮ್ಮ ತನ್ನ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ಹೊರಗಿನಿಂದ ಗಂಡನ ದನಿ ಕೇಳಿಸಿತು.

“ಡಬಲ್ ಇಟ್ಕಂಡ್ ನಾವೇನ್ ಮಾಡನ. ಜಾಗಕ್ಕೆ ದಂಡ. ಎಲ್ಡುನೂ ನೀನೇ ತಗಂಡೋಗು, ಒಂದೇ ಕಡೀಕೆ ಸಾಗೋಗ್ಲಿ.”

ಅವಳ ಕೈ ನಿಂತಿತು. ಅದೇ ಮಾತು, ಹಾಗೆಯೇ ಗೋಡೆಯ ಆಚೆ ಈಚೆ. ಆದರೆ ಈ ಮನೆಯಲ್ಲಿ ಡಬಲ್ ಎಂದರೆ ಗೂಡಲ್ಲದೆ ಬೇರೇನೂ ಇರಲಿಲ್ಲ. ಹಿಂದೆ ಹೋಗದ ಆ ನಾಲ್ಕು ಹೆಜ್ಜೆಯನ್ನು ಈಗ ಹೋದಳು. ಜಗಲಿಯ ಮುಂದೆ ಎರಡು ಮಂಕರಿ ಡಬಲ್ ಗೂಡು, ಅವುಗಳ ಪಕ್ಕ ಒಬ್ಬ ಮುದುಕಿ ಎಲೆಯಡಿಕೆ ಜಗಿಯುತ್ತಾ ಕೂತಿದ್ದಳು. ಚನ್ನಪಟ್ಟಣದ ಹಫೀಜಾಬಿ, ಈ ಮನೆಗೆ ಬಂದದ್ದು ಇದೇ ಮೊದಲು. ಮಾರುಕಟ್ಟೆಗೆ ಬೇಡವಾದ ಡಬಲ್ ಗೂಡುಗಳನ್ನು ಹಳ್ಳಿಹಳ್ಳಿ ತಿರುಗಿ ಕೊಂಡು, ಬೇಯಿಸಿ, ಚರಕದಲ್ಲಿ ದಪ್ಪ ನೂಲು ತೆಗೆಯುವುದು ಅವಳ ಕಸುಬು. ಹಿಂದೆ ಉಯ್ಯಂಬಳ್ಳಿಯ ಕಡೆಗೂ ಬರುತ್ತಿದ್ದಳು, ಹುಷಾರಿಲ್ಲದ ಮಕ್ಕಳಿದ್ದ ಮನೆಗೆ ಡಬಲ್ ರೊಟ್ಟಿ ತಂದುಕೊಡುತ್ತಿದ್ದಳು.

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು.

“ನೀನು ಗಂಗಣ್ಣನ ಮಗಳಲ್ವಾ? ಡಬಲ್ನಾಗೆ ಒಬ್ಬಳು?”

“ಸರಸಮ್ಮ,” ಎಂದಳು. “ಹಫೀಜಮ್ಮ, ಕಬ್ಬಾಳಿಂದ ನಮ್ಮನ್ನ ಕೇಳ್ಕಂಡು ಬಂದಿದ್ರಲ್ಲ, ಆ ದಿನ ನೀನು ನಮ್ಮನೇಗೆ ಬಂದಿದ್ಯಾ?”

“ಬಂದಿದ್ದೆ, ಬಂದಿದ್ದೆ. ನಿಮ್ಮಪ್ಪ ಎರಡು ಮಂಕರಿ ಕೊಟ್ಟ. ನಿನ್ನ ಅಕ್ಕನೇ ಹಿಡ್ಕೊಂಡಿದ್ಳು, ನಾನು ಚೀಲಕ್ಕೆ ಸುರ್ಕೊಂಡೆ. ನಿಮ್ಮಪ್ಪ ಗೂಡಿಗೆ ಬೈದೂ ಬೈದೂ ಕೊನೆಗೆ ಏನಂದ ಗೊತ್ತಾ? ‘ಈ ಡಬಲ್ ಸಾಗಾಕ್ತೀನಿ ಕಣಮ್ಮ, ನನ್ನ ಮನೇಲಿರೋ ಡಬಲ್ ಮಾತ್ರ ಬಿಡಿಸಾಕೆ ನನ್ನ ಕೈಲಾಗಲ್ಲ, ಅದಕ್ಕೇ ಒಂದೇ ಮನೆಗೆ ಕೊಡ್ತೀನಿ’ ಅಂದ. ಅವನ ಕಣ್ಣಲ್ಲಿ ನೀರಿತ್ತು. ಮದುವೆ ಊಟಕ್ಕೆ ನನ್ನನ್ನೂ ಕರೆದಿದ್ದ.”

ಮಾತಿನ ಬಾಲ ಅದು. ಸರಸಮ್ಮ ತಲೆ ಮಾತ್ರ ಕೇಳಿಸಿಕೊಂಡು ಹಿತ್ತಲ ಬಾಗಿಲಿಗೆ ಹೋಗಿಬಿಟ್ಟಿದ್ದಳು. ಅವಳು ಜಗಲಿಯ ಕಂಬ ಹಿಡಿದು ಕೆಳಗೆ ಕೂತಳು. ಸೀಬೆಹಣ್ಣಿನ ಗಂಟು ನೆನಪಾಯಿತು. ಬಾಗಿಲ ಕಡೆ ತಿರುಗಿ ಬತ್ತೀನವ್ವಾ ಎನ್ನುತ್ತಿದ್ದ ದನಿ ನೆನಪಾಯಿತು. ಕೆಂಚಯ್ಯ ಗಾಬರಿಯಾಗಿ ನೀರು ತಂದ. ಅವಳು ನೀರು ಕುಡಿದು, ನಾಳೆ ಮಾಗಡಿಗೆ ಹೋಗಿ ಸಂಜೆಯೊಳಗೆ ಬಂದುಬಿಡುತ್ತೇನೆ ಎಂದಳು. ಹುಳು ನಾಲ್ಕನೇ ಜ್ವರದಿಂದ ಏಳುವ ಹೊತ್ತು, ಎದ್ದದ್ದು ಬಕಾಸುರನ ಹಾಗೆ ಸೊಪ್ಪು ಕೇಳುತ್ತದೆ. ಆದರೂ ಅವನು ಬೇಡವೆನ್ನಲಿಲ್ಲ.

ಕೃಷ್ಣಮ್ಮ ಕುರಿ ರೊಪ್ಪದ ಪಕ್ಕ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ ಕೂತಿದ್ದಳು. ತಂಗಿಯನ್ನು ಕಂಡು ಎದ್ದು, “ಯಾರ್ಗಾರ ಏನಾರ ಆಯ್ತಾ?” ಎಂದಳು. ಕಾರಣವಿಲ್ಲದೆ ಬರುವ ನೆಂಟಸ್ತಿಕೆ ಅವರ ನಡುವೆ ಉಳಿದಿರಲಿಲ್ಲ. ಸರಸಮ್ಮ ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಗೋಡೆ, ಸೊಪ್ಪು, ಕೇಳಿಸಿದ ಮಾತು, ಕೇಳಿಸದ ಮಾತು. ಹೇಳಿ ಮುಗಿಸುವವರೆಗೂ ಕೃಷ್ಣಮ್ಮ ಹುರುಳಿಯಲ್ಲಿ ಕಲ್ಲು ಹುಡುಕುವುದನ್ನು ಬಿಡಲಿಲ್ಲ.

“ಮಂಕರಿ ಇಡ್ಕಂಡಿದ್ದೋಳೇ ನಾನು ಕಣೇ,” ಎಂದಳು ಆಮೇಲೆ. “ಅಪ್ಪ ಅಂದಿದ್ದು ನನ್ ಮುಂದೇನೇ. ಒಂದು ಮಾತು ಕೇಳಿದ್ರೆ ಯೋಳ್ತಿದ್ನಲ್ಲೇ.”

“ನಿಂಗೆ ನೋವಾಯ್ತದೆ ಅಂತ ಕೇಳ್ನಿಲ್ಲ.”

“ನಂಗೆ?” ಕೃಷ್ಣಮ್ಮ ಮೊರ ಕೆಳಗಿಟ್ಟಳು. “ನಾನೇನ್ ತಿಳ್ಕಂಡಿದ್ದೆ ಗೊತ್ತಾ? ಹುಟ್ಟಿದಾಗ್ಲಿಂದ ನನ್ ಜೊತೇಲಿದ್ದು ನಿಂಗೆ ಸಾಕಾಗೋಗೈತೆ, ನನ್ನ ಕಂಡ್ರಾಗಲ್ಲ ಅಂದ್ಕಂಡೆ. ಎಲ್ರ ಮುಂದೆ ಅಂಗಂದ್ಬುಟ್ಟೆ. ಅದುಕ್ಕೇ ನೀನ್ ಬರೋ ದಿನ ನಾನ್ ತವರ್ಗೆ ಬತ್ತಿರ್ನಿಲ್ಲ. ನಿಂಗ್ಯಾಕೆ ಕಸಿವಿಸಿ ಅಂತವ. ಮದ್ವೆ ಆಗಿ ಹೊಂಟ್ನಲ್ಲ, ಆವತ್ತು ಬಸ್ಸಲ್ಲಿ ಬೆಲ್ಲಿನ ಹಗ್ಗ ನನ್ ತಲೆ ಮೇಲೇ ಇತ್ತು. ನೀನೊಂದ್ಸಲ ತಲೆ ಎತ್ತಿ ನನ್ ಮಕ ನೋಡಿದ್ರೆ ಎಳ್ದು ಇಳ್ದುಬುಡನ ಅಂತ ಕಾಯ್ತಾ ಇದ್ದೆ. ನೀನು ನೋಡ್ನೇ ಇಲ್ಲ.”

ಇಷ್ಟು ಕಾಲ ಅಕ್ಕನನ್ನು ಒಂದು ನೋವಿನಿಂದ ಉಳಿಸಿದ್ದೇನೆಂದು ಸರಸಮ್ಮ ಒಳಗೊಳಗೇ ಹೆಮ್ಮೆ ಪಟ್ಟಿದ್ದಳು. ಉಳಿಸಿದ್ದು ಯಾವ ನೋವಿನಿಂದಲೂ ಅಲ್ಲ, ಕೊಟ್ಟದ್ದು ಅದಕ್ಕಿಂತ ದೊಡ್ಡ ನೋವನ್ನು. ಅಕ್ಕನ ಕೈ ಹಿಡಿದುಕೊಂಡಳು. ಒರಟು ಕೈ, ಉಣ್ಣೆಯ ವಾಸನೆ. ಚಲುವಯ್ಯ ಕುರಿ ಹೊಡೆದುಕೊಂಡು ಬಂದು ನೋಡಿ, ಕುರಿಗಳನ್ನು ರೊಪ್ಪಕ್ಕೆ ಕೂಡಿ ಆಚೆ ಹೋದ.

ಊಟವಾದ ಮೇಲೆ ಇಬ್ಬರೂ ರಸ್ತೆಗೆ ಬಂದರು. ಬಸ್ಸು ಬಂತು. ಸರಸಮ್ಮ ಹತ್ತಿ ಬಾಗಿಲ ಪಕ್ಕದ ಕಿಟಕಿಗೆ ಕೂತಳು. ಕಂಡಕ್ಟರು ಕೆಳಗೆ ನಿಂತಿದ್ದವಳನ್ನೂ ನೋಡಿ, “ಇಬ್ರಾ?” ಎಂದ.

“ಒಬ್ರೇ ಕಣಪ್ಪ,” ಎಂದಳು ಕೃಷ್ಣಮ್ಮ.

ಕಂಡಕ್ಟರು ಹಗ್ಗ ಎರಡು ಸಲ ಎಳೆದ. ಬಸ್ಸು ಹೊರಟಿತು. ಸರಸಮ್ಮ ಈ ಸಲ ನೆಲ ನೋಡಲಿಲ್ಲ. ಕೃಷ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯನ್ನೇ ನೋಡುತ್ತಿದ್ದಳು. ಸರಸಮ್ಮ ಎದ್ದು ನಿಂತು, ಕೈ ಮೇಲೆತ್ತಿ, ಹಗ್ಗವನ್ನು ಒಂದೇ ಸಲ ಎಳೆದಳು. ಡ್ರೈವರು ಬ್ರೇಕು ಹಾಕಿದ.

“ಯಾರಮ್ಮ ಅದು ಬೆಲ್ ಹೊಡ್ದೋರು?” ಎಂದು ಕಂಡಕ್ಟರು ರೇಗಿದ.

“ನಾನೇ ಕಣಪ್ಪ. ಇಳೀಬೇಕು.”

ಅವನು ಗೊಣಗಿಕೊಂಡು ಬಾಗಿಲು ತೆಗೆದ. ಅವಳು ಇಳಿದ ಮೇಲೆ ಡಬಲ್ ಬೆಲ್ಲು ಕೊಟ್ಟ, ಬಸ್ಸು ಅವರಿಬ್ಬರನ್ನೂ ಬಿಟ್ಟು ಹೋಯಿತು.

“ಹುಳ ಎದ್ದವೆ ಅಂದ್ಯಲ್ಲೇ,” ಎಂದಳು ಕೃಷ್ಣಮ್ಮ.

“ಇವತ್ತೊಂದಿನ ಅವ್ರೇ ಸೊಪ್ಪು ಹಾಕ್ಕತ್ತಾರೆ.”

ಇಬ್ಬರೂ ಊರ ಕಡೆ ತಿರುಗಿದರು. ಒಸಿ ದೂರ ನಡೆದ ಮೇಲೆ ಕೃಷ್ಣಮ್ಮ, “ನಂಗೇನೋ ಬಂದು ಯೋಳ್ದೆ. ಅಪ್ಪಂಗೆ ಹೆಂಗೇ ಯೋಳದು?” ಎಂದಳು.

ಸರಸಮ್ಮ ಆಗ ಅತ್ತಳು. ಕೃಷ್ಣಮ್ಮ ನಿಂತುಕೊಂಡಳು, ಅವಳು ಅತ್ತು ಮುಗಿಸುವವರೆಗೂ ಕಾದು, ಆಮೇಲೆ ಕೈ ಹಿಡಿದು ನಡೆಸಿಕೊಂಡು ಹೋದಳು.